ನಡೆಯುವವರ ಊರು

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಲಂಡನ್ ನಗರದ ಬೀದಿಗಳಲ್ಲಿ ಎರಡು ಅಂತಸ್ತಿನ ಕೆಂಪು ಬಸ್ಸುಗಳು ಓಡಾಡುತ್ತಿದ್ದುವು. ಪ್ರತಿಯೊಂದು ಬಸ್ಸಿನಲ್ಲಿಯೂ ಇಬ್ಬರು ನೌಕರರು: ಒಬ್ಬನು ಚಾಲಕ, ಇನ್ನೊಬ್ಬನು ನಿರ್ವಾಹಕ. ಇಬ್ಬರೂ ಹೆಚ್ಚುಕಡಿಮೆ ಒಂದೇ ಬಗೆಯ ಮನೆತನಗಳಿಂದ ಬಂದವರು. ಒಂದೇ ಸಂಸ್ಥೆಯಲ್ಲಿ ದುಡಿಯುವವರು. ಒಂದೇ ಬಸ್ಸಿನಲ್ಲಿ, ಒಂದೇ ಹವೆಯಲ್ಲಿ ಸಂಚರಿಸುವವರು. ಅವರಲ್ಲಿ ಎದ್ದುಕಾಣುವ ವ್ಯತ್ಯಾಸ ಒಂದೇ. ಚಾಲಕನು ಕೆಲಸದ ವೇಳೆಯ ಬಹುಭಾಗವನ್ನು ಆಸನದಲ್ಲಿ ಕುಳಿತೇ ಕಳೆಯುತ್ತಿದ್ದನು. ನಿರ್ವಾಹಕನಾದರೋ ಟಿಕೆಟು ಕೊಡುತ್ತ, ಹಣ ಪಡೆಯುತ್ತ ಬಸ್ಸಿನ ಉದ್ದಕ್ಕೂ ಓಡಾಡುತ್ತಿದ್ದನು. ಮೇಲಂತಸ್ತಿನ ಪ್ರಯಾಣಿಕರಿಗಾಗಿ ಮತ್ತೆ ಮತ್ತೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದನು. ಲೆಕ್ಕ ಹಾಕಿ ನೋಡಿದಾಗ ಒಬ್ಬ ನಿರ್ವಾಹಕನು ದಿನವೊಂದಕ್ಕೆ 500ರಿಂದ 750 ಮೆಟ್ಟಿಲುಗಳಷ್ಟು ಹತ್ತಿಳಿಯುತ್ತಿದ್ದನೆಂದು ತಿಳಿದುಬಂತು.

ಜೆರಿ ಮಾರಿಸ್ ಎಂಬ ವೈದ್ಯವಿಜ್ಞಾನಿಯ ಗಮನ ಈ ಇಬ್ಬರ ಮೇಲೆ ಬಿದ್ದಿತು. ಆ ಕಾಲದಲ್ಲಿ ಬ್ರಿಟನ್ನಿನಲ್ಲಿ ಹೃದಯಾಘಾತದಿಂದ ಸಾಯುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಕಾರಣವೇನೆಂಬುದು ಯಾರಿಗೂ ಸ್ಪಷ್ಟವಾಗಿರಲಿಲ್ಲ. ಮಾರಿಸ್ ಮತ್ತು ಅವರ ಸಹೋದ್ಯೋಗಿಗಳು ಲಂಡನ್ನಿನ ಸಾರಿಗೆ ಸಂಸ್ಥೆಯ ಸುಮಾರು 31,000 ನೌಕರರ ಆರೋಗ್ಯದ ದಾಖಲೆಗಳನ್ನು ಪರಿಶೀಲಿಸಿದರು. ಫಲಿತಾಂಶವು 1953ರಲ್ಲಿ ‘ಲ್ಯಾನ್ಸೆಟ್’ ಎಂಬ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೃದಯಾಘಾತವು ನಿರ್ವಾಹಕರಲ್ಲಿ ಚಾಲಕರಿಗಿಂತ ಕಡಿಮೆಯಾಗಿತ್ತು. ಬಂದರೂ ಹೆಚ್ಚಿನ ವಯಸ್ಸಿನಲ್ಲಿ ಬರುತ್ತಿತ್ತು. ಆಘಾತವಾದ ಮೊದಲ ದಿನಗಳಲ್ಲಿಯೇ ಸಾವಿಗೀಡಾಗುವವರ ಪ್ರಮಾಣವು ಚಾಲಕರಲ್ಲಿ ನಿರ್ವಾಹಕರಲ್ಲಿದ್ದುದರ ಎರಡರಷ್ಟಿತ್ತು.

ಆದರೆ ಒಳ್ಳೆಯ ವಿಜ್ಞಾನಿಯು ತನಗೆ ದೊರೆತ ಉತ್ತರವನ್ನು ಮೊದಲು ತಾನೇ ಸಂಶಯಿಸುತ್ತಾನೆ. ಮೊದಲಿನಿಂದಲೂ ಸ್ಥೂಲಕಾಯರಾಗಿದ್ದವರೇ ಚಾಲಕರ ಕೆಲಸಕ್ಕೆ ಸೇರುತ್ತಿದ್ದರೇನೋ. ಹಾಗಿದ್ದರೆ ದೋಷವು ಕುಳಿತುಕೊಳ್ಳುವುದರದ್ದಲ್ಲ, ದೇಹದ್ದು ಎನ್ನಬೇಕಾಗುತ್ತದೆ. ಈ ಸಂಶಯವನ್ನು ಪರಿಹರಿಸಿಕೊಳ್ಳಲು ಮಾರಿಸ್ ಅವರು ಆರಿಸಿಕೊಂಡ ಮಾರ್ಗ ಸ್ವಾರಸ್ಯವಾದುದು. ಸಂಸ್ಥೆಯು ನೌಕರರಿಗೆ ಸಮವಸ್ತ್ರ ಹೊಲಿಸಿಕೊಡುತ್ತಿತ್ತು; ಅದಕ್ಕಾಗಿ ತೆಗೆದ ಸೊಂಟದ ಅಳತೆಗಳು ಕಡತಗಳಲ್ಲಿದ್ದುವು. ಅವರು ಆ ಅಳತೆಗಳನ್ನು ತೆಗೆದು ನೋಡಿದರು. ಚಾಲಕರ ಸೊಂಟದ ಅಳತೆಯು ನಿರ್ವಾಹಕರದ್ದಕ್ಕಿಂತ ಹೆಚ್ಚಾಗಿಯೇ ಇತ್ತು. ಆದರೆ ಒಂದೇ ಅಳತೆಯವರನ್ನು ಹೋಲಿಸಿ ನೋಡಿದಾಗಲೂ ನಿರ್ವಾಹಕನ ಹೃದಯವೇ ಹೆಚ್ಚು ಸುರಕ್ಷಿತವೆಂದು ಕಂಡುಬಂತು. ಅಂಚೆ ಇಲಾಖೆಯಲ್ಲಿಯೂ ಇದೇ ಮಾತು ನಿಜವಾಯಿತು. ನಡೆದೋ ಬೈಸಿಕಲ್ಲು ತುಳಿದೋ ಕಾಗದ ಹಂಚುವ ಅಂಚೆಯವರಿಗಿಂತ, ಮೇಜಿನ ಮುಂದೆ ಕುಳಿತ ಗುಮಾಸ್ತರಲ್ಲಿ ಹೃದಯದ ಕಾಯಿಲೆ ಹೆಚ್ಚಾಗಿತ್ತು.

ಈ ಸಂಶೋಧನೆಯಲ್ಲಿ ಎಲ್ಲರೂ ಗಮನಿಸಬೇಕಾದ ಅಂಶವೊಂದುಂಟು. ಆ ನಿರ್ವಾಹಕರಾಗಲಿ, ಅಂಚೆಯವರಾಗಲಿ ಆರೋಗ್ಯಕ್ಕಾಗಿ ವ್ಯಾಯಾಮ ಮಾಡಿದವರಲ್ಲ. ಬೆಳಗಿನ ಜಾವದಲ್ಲಿ ಎದ್ದು ಗರಡಿಮನೆಗೆ ಹೋದವರಲ್ಲ. ಅವರ ನಡಿಗೆಯು ದಿನದ ಕೆಲಸದಲ್ಲಿಯೇ ಬೆರೆತುಹೋಗಿತ್ತು. ಹನಿಹನಿಗೂಡಿದರೆ ಹಳ್ಳ ಎಂಬಂತೆ, ಲೆಕ್ಕಕ್ಕೆ ಸಿಕ್ಕದ ಸಣ್ಣ ಸಣ್ಣ ಹೆಜ್ಜೆಗಳು ಸೇರಿ ಅವರ ಆಯುಷ್ಯವನ್ನು ಕಾಯುತ್ತಿದ್ದುವು. ಕುಳಿತು ಉಣ್ಣುವವನಿಗೆ ಕುಡಿಕೆ ಹಣ ಸಾಲದು ಎಂಬ ಗಾದೆಯನ್ನು ಹಿರಿಯರು ಹಣಕಾಸಿನ ವಿಷಯದಲ್ಲಿ ಹೇಳಿದರು. ದೇಹದ ವಿಷಯದಲ್ಲಿಯೂ ಅದು ಸಲ್ಲುತ್ತದೆಂಬುದನ್ನು ಲಂಡನ್ನಿನ ಬಸ್ಸುಗಳು ತೋರಿಸಿಕೊಟ್ಟುವು.

ಮಾರಿಸ್ ಅವರ ಕಾಲದಿಂದ ಈಚೆಗೆ ವೈದ್ಯಶಾಸ್ತ್ರವು ಈ ತಿಳಿವಳಿಕೆಯನ್ನು ಇನ್ನಷ್ಟು ವಿಸ್ತರಿಸಿದೆ. ಹೃದ್ರೋಗ, ಸಕ್ಕರೆ ಕಾಯಿಲೆ, ರಕ್ತದ ಏರೊತ್ತಡ ಮೊದಲಾದುವುಗಳನ್ನು ದೂರವಿಡುವಲ್ಲಿ ದೈಹಿಕ ಚಟುವಟಿಕೆಗೆ ದೊಡ್ಡ ಪಾತ್ರವಿದೆ. ವಯಸ್ಕರು ವಾರಕ್ಕೆ ಕಡಮೆಯೆಂದರೆ 150 ನಿಮಿಷವಾದರೂ ಚುರುಕಾದ ನಡಿಗೆಯಂತಹ ಚಟುವಟಿಕೆಯಲ್ಲಿ ತೊಡಗಬೇಕೆಂದೂ, ಶಾಲೆಗೆ ಹೋಗುವ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿತು. ಆದರೆ 2022ರ ಅಂಕಿಅಂಶಗಳ ಪ್ರಕಾರ ಜಗತ್ತಿನ ವಯಸ್ಕರಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಜನ ಈ ಅಲ್ಪ ಮಿತಿಯನ್ನೂ ಮುಟ್ಟಿರಲಿಲ್ಲ. ಭಾರತದಲ್ಲಿ ಅಂತಹವರು ಸುಮಾರು ಅರ್ಧದಷ್ಟಿದ್ದರು. ಭಾರತದಲ್ಲಿ ಸಕ್ಕರೆ ಕಾಯಿಲೆಯುಳ್ಳವರು ಹತ್ತು ಕೋಟಿಗೂ ಮಿಕ್ಕಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯೊಂದು ತಿಳಿಸಿತು.

ಇದನ್ನು ಕೇಳಿದವರು ಸಾಮಾನ್ಯವಾಗಿ ಜನರ ಸೋಮಾರಿತನವನ್ನು ದೂರುವುದುಂಟು. “ನಡೆಯಿರಿ, ಬೈಸಿಕಲ್ಲು ತುಳಿಯಿರಿ” ಎಂದು ಉಪದೇಶಿಸುವುದು ಸುಲಭ. ಆದರೆ ಎಲ್ಲಿ ನಡೆಯಬೇಕು? ಮನೆಯ ಬಾಗಿಲಿನಿಂದ ಹೊರಗೆ ಕಾಲಿಟ್ಟ ಕೂಡಲೇ ಕಾಲುಹಾದಿ ಮುರಿದುಬಿದ್ದಿದ್ದರೆ, ಅದರ ಮೇಲೆ ವಾಹನಗಳು ನಿಂತಿದ್ದರೆ, ರಸ್ತೆ ದಾಟಲು ಪ್ರಾಣವನ್ನು ಅಂಗೈಯಲ್ಲಿ ಹಿಡಿದುಕೊಳ್ಳಬೇಕಾದರೆ, ಎಂತಹ ಉತ್ಸಾಹಿಯ ಕಾಲೂ ಹಿಂಜರಿಯುತ್ತದೆ. ತಾಯಿಯು ಮಗುವನ್ನು ಶಾಲೆಗೆ ನಡೆಸಿ ಕಳುಹಿಸದಿರುವುದು ಸೋಮಾರಿತನದಿಂದಲ್ಲ, ಭಯದಿಂದ. ಮುದುಕನು ಹೊರಗೆ ಹೋಗುವುದನ್ನೇ ಬಿಡುವುದು ಇಷ್ಟವಿಲ್ಲದೆ ಅಲ್ಲ, ಎಡವಿ ಬಿದ್ದೇನೆಂಬ ಅಂಜಿಕೆಯಿಂದ. ಆದುದರಿಂದ ನಡಿಗೆಯ ಪ್ರಶ್ನೆಯು ವ್ಯಕ್ತಿಯ ಸಂಕಲ್ಪದ ಪ್ರಶ್ನೆ ಮಾತ್ರವಲ್ಲ. ಅದು ಊರಿನ ರಚನೆಯ ಪ್ರಶ್ನೆಯೂ ಹೌದು. ಬಸ್ಸಿನಲ್ಲಿದ್ದ ಮೆಟ್ಟಿಲು ನಿರ್ವಾಹಕನನ್ನು ನಡೆಸಿದಂತೆ, ಊರಿನ ಬೀದಿಗಳು ಊರಿನ ಜನರನ್ನು ನಡೆಸಬೇಕು.

ಬೀದಿಗಳನ್ನು ಹಾಗೆ ರಚಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರವು ಯೂರೋಪಿನ ನೆದರ್‌ಲ್ಯಾಂಡ್ಸ್ ದೇಶದ ಕಳೆದ ಐವತ್ತು ವರ್ಷಗಳ ಚರಿತ್ರೆಯಲ್ಲಿ ದೊರೆಯುತ್ತದೆ. ಅಲ್ಲಿ ಇಂದು ಜನರು ಕೈಗೊಳ್ಳುವ ಎಲ್ಲ ಸಂಚಾರಗಳಲ್ಲಿ ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೈಸಿಕಲ್ಲಿನ ಮೇಲೆ ನಡೆಯುತ್ತವೆ. ಶಾಲೆಯ ಮಕ್ಕಳು, ಗೃಹಿಣಿಯರು, ಅಧಿಕಾರಿಗಳು, ವೃದ್ಧರು ಎಲ್ಲರೂ ತುಳಿಯುವವರೇ. ಇದನ್ನು ಕಂಡವರು, ಆ ದೇಶ ಸಮತಟ್ಟಾದುದು, ಆ ಜನರ ಸ್ವಭಾವವೇ ಹಾಗೆ ಎಂದು ತಿಳಿಯುವುದು ಸಹಜ. ಆದರೆ ಆ ಮಾತು ಪೂರ್ತಿ ನಿಜವಲ್ಲ. ನೆಲ ಹಿಂದೆಯೂ ಸಮತಟ್ಟಾಗಿಯೇ ಇತ್ತು. ಆದರೂ ಒಂದು ಕಾಲದಲ್ಲಿ ಅಲ್ಲಿಯ ಬೈಸಿಕಲ್ಲುಗಳು ಬೀದಿಯಿಂದ ಮರೆಯಾಗುವುದರಲ್ಲಿದ್ದುವು.

ಯುದ್ಧಾನಂತರ ಆ ದೇಶ ಬೇಗನೆ ಶ್ರೀಮಂತವಾಯಿತು. ಮನೆಮನೆಗೂ ಕಾರು ಬಂದಿತು. ಕಾರುಗಳಿಗೆ ಸ್ಥಳ ಮಾಡಿಕೊಡಲು ಹಳೆಯ ಕಟ್ಟಡಗಳನ್ನು ಕೆಡವಿದರು. ಊರ ನಡುವಣ ಚೌಕಗಳನ್ನು ವಾಹನ ನಿಲ್ಲಿಸುವ ಬಯಲುಗಳನ್ನಾಗಿ ಮಾಡಿದರು. ಉಟ್ರೆಕ್ಟ್ ನಗರವನ್ನು ಶತಮಾನಗಳಿಂದ ಸುತ್ತುವರಿದಿದ್ದ ನೀರಿನ ಕಂದಕದ ಒಂದು ಭಾಗವನ್ನು ಬರಿದುಮಾಡಿ, ಅದರ ಜಾಗದಲ್ಲಿ ಅಗಲವಾದ ಮೋಟಾರು ರಸ್ತೆಯನ್ನು ಹಾಕಿದರು. ಇದೆಲ್ಲವನ್ನೂ ಜನರು ಪ್ರಗತಿಯೆಂದೇ ಭಾವಿಸಿದರು. ಆ ಪ್ರಗತಿಗೆ ತೆತ್ತ ಬೆಲೆ ಮಾತ್ರ ಘೋರವಾಗಿತ್ತು. 1971ರ ಒಂದೇ ವರ್ಷದಲ್ಲಿ ಆ ಚಿಕ್ಕ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನರು ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು.

ಹಾಗೆ ಮಗಳನ್ನು ಕಳೆದುಕೊಂಡ ತಂದೆಯರಲ್ಲಿ ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಕರ್ತನೂ ಒಬ್ಬನು. ತನ್ನ ದುಃಖವನ್ನು ಅವನು ಮನೆಯೊಳಗೇ ಇಟ್ಟುಕೊಳ್ಳಲಿಲ್ಲ. 1972ರಲ್ಲಿ ಅವನು ಪತ್ರಿಕೆಯಲ್ಲಿ ಬರೆದ ಲೇಖನದ ಶೀರ್ಷಿಕೆಯ ಅರ್ಥ ‘ಮಕ್ಕಳ ಕೊಲೆಯನ್ನು ನಿಲ್ಲಿಸಿ’ ಎಂಬುದಾಗಿತ್ತು. ಅದುವರೆಗೆ ಜನರು ಇಂತಹ ಸಾವುಗಳನ್ನು ಅಪಘಾತವೆನ್ನುತ್ತಿದ್ದರು. ವಿಧಿಯೆಂದು ನಿಟ್ಟುಸಿರು ಬಿಡುತ್ತಿದ್ದರು. ಕೊಲೆ ಎಂಬ ಕಠೋರವಾದ ಮಾತು ಅವರ ಕಣ್ಣು ತೆರೆಸಿತು. ಮನುಷ್ಯನೇ ರಚಿಸಿದ ರಸ್ತೆಯಲ್ಲಿ ಮನುಷ್ಯನೇ ನಡೆಸುವ ವಾಹನದಿಂದ ವರ್ಷವರ್ಷವೂ ಮಕ್ಕಳು ಸಾಯುವುದಾದರೆ, ಅದನ್ನು ವಿಧಿಯೆಂದು ಹೇಗೆ ಕರೆಯುವುದು? ಆ ಶೀರ್ಷಿಕೆಯೇ ಒಂದು ಚಳವಳಿಯ ಹೆಸರಾಯಿತು. ತಾಯಂದಿರೂ ತಂದೆಯರೂ ಮಕ್ಕಳೊಡನೆ ಬೀದಿಗಿಳಿದರು. ಅಪಘಾತಗಳಾಗುವ ಸ್ಥಳಗಳಲ್ಲಿ ನಿಂತು ಪ್ರತಿಭಟಿಸಿದರು; ವಾಹನಗಳನ್ನು ತಡೆದು ಕೆಲವು ಬೀದಿಗಳನ್ನು ಮಕ್ಕಳ ಆಟಕ್ಕೆ ಬಿಟ್ಟುಕೊಟ್ಟರು.

ಈ ಕೂಗಿಗೆ ಕಾಲವೂ ನೆರವಾಯಿತು. 1973ರಲ್ಲಿ ಅರಬ್ ರಾಷ್ಟ್ರಗಳು ತೈಲದ ಸರಬರಾಜನ್ನು ತಡೆಹಿಡಿದುವು. ಪೆಟ್ರೋಲನ್ನು ಉಳಿಸುವ ಸಲುವಾಗಿ ಡಚ್ ಸರ್ಕಾರವು ಆ ವರ್ಷದ ನವೆಂಬರ್ 4ರಿಂದ ಕೆಲವು ವಾರಗಳವರೆಗೆ ಭಾನುವಾರಗಳಂದು ಕಾರು ಸಂಚಾರವನ್ನು ನಿಷೇಧಿಸಿತು. ಮಕ್ಕಳು ಹೆದ್ದಾರಿಗಳ ಮೇಲೆ ಬೈಸಿಕಲ್ಲು ತುಳಿದರು. ದೊಡ್ಡವರು ಸಂಸಾರಸಮೇತ ನಡೆದಾಡಿದರು. ಮರೆತೇಹೋಗಿದ್ದ ನಿಶ್ಶಬ್ದವೊಂದು ಬೀದಿಗೆ ಮರಳಿ ಬಂದಂತಾಯಿತು. ಕೊರತೆಯ ದಿನಗಳು ಕಳೆದರೂ ಆ ಅನುಭವವು ಜನರ ಮನಸ್ಸಿನಲ್ಲಿ ಉಳಿಯಿತು.

ಬದಲಾವಣೆಯ ಮೊದಲ ಹೆಜ್ಜೆಯು ಡೆಲ್ಫ್ಟ್ ಎಂಬ ಊರಿನಲ್ಲಿ ಚಳವಳಿಗೂ ಮುಂಚೆಯೇ ಕಾಣಿಸಿಕೊಂಡಿತ್ತು. ಅಲ್ಲಿಯ ಕೆಲವು ವಸತಿ ಬೀದಿಗಳಲ್ಲಿ ನೇರವಾದ ರಸ್ತೆಯನ್ನು ಅಲ್ಲಲ್ಲಿ ಬಾಗಿಸಿದರು. ನಡುನಡುವೆ ಗಿಡ ನೆಟ್ಟರು, ಕುಳಿತುಕೊಳ್ಳಲು ಬೆಂಚುಗಳನ್ನಿಟ್ಟರು. ನೆಲಕ್ಕೆ ಇಟ್ಟಿಗೆ ಹಾಸಿ, ರಸ್ತೆ ಯಾವುದು ಕಾಲುಹಾದಿ ಯಾವುದು ಎಂಬ ಭೇದವನ್ನೇ ಅಳಿಸಿದರು. ಅಂತಹ ಬೀದಿಗೆ ಬಂದ ಕಾರು ತಾನಾಗಿಯೇ ನಿಧಾನವಾಗಬೇಕಾಗುತ್ತಿತ್ತು. ಡಚ್ ಭಾಷೆಯಲ್ಲಿ ಅದಕ್ಕೆ ‘ವೋನ್‌ಎರ್ಫ್’ ಎಂದು ಹೆಸರಾಯಿತು. ವಾಸದ ಅಂಗಳ ಎಂದು ಅದರ ಅರ್ಥ. ಅಂಗಳದಲ್ಲಿ ಮನೆಯವರದ್ದೇ ಅಧಿಕಾರ. ಹೊರಗಿನಿಂದ ಬಂದವನು ಅತಿಥಿಯಂತೆ ನಡೆದುಕೊಳ್ಳಬೇಕು. 1976ರಲ್ಲಿ ಈ ಅಂಗಳಗಳಿಗೆ ಕಾನೂನಿನ ಮಾನ್ಯತೆಯೂ ದೊರೆಯಿತು.

ವೇಗವನ್ನು ತಗ್ಗಿಸುವುದಕ್ಕೆ ಇಷ್ಟು ಮಹತ್ತ್ವವೇಕೆ ಎಂಬುದನ್ನು ಪ್ರೌಢಶಾಲೆಯ ಭೌತವಿಜ್ಞಾನವೇ ಹೇಳಬಲ್ಲುದು. ಚಲಿಸುವ ವಸ್ತುವಿನ ಚಲನಶಕ್ತಿಯು ಅದರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಬರುವ ಕಾರಿನ ಚಲನಶಕ್ತಿಯು 30 ಕಿಲೋಮೀಟರು ವೇಗದಲ್ಲಿ ಬರುವ ಅದೇ ಕಾರಿನದ್ದಕ್ಕಿಂತ ಸುಮಾರು ಎರಡೂ ಮುಕ್ಕಾಲು ಪಟ್ಟು ಹೆಚ್ಚು. ನಿಧಾನವಾಗಿ ಬರುವ ಕಾರು ನಿಲ್ಲಲು ಬೇಕಾದ ದೂರವೂ ಕಡಮೆ. ವೇಗದ ಈ ವ್ಯತ್ಯಾಸವು ಕಾರಿನೊಳಗಿರುವವನಿಗೆ ಒಂದೆರಡು ನಿಮಿಷಗಳ ಮಾತು. ಬೀದಿ ದಾಟುವ ಮಗುವಿಗೆ ಜೀವದ ಮಾತು.

ಬೈಸಿಕಲ್ಲಿಗೆ ಪ್ರತ್ಯೇಕವಾದ ದಾರಿಗಳನ್ನು ಮಾಡುವ ಪ್ರಯತ್ನವು 1970ರ ದಶಕದಲ್ಲಿ ಹೇಗ್ ಮತ್ತು ಟಿಲ್‌ಬರ್ಗ್ ನಗರಗಳಲ್ಲಿ ನಡೆಯಿತು. ಊರ ನಡುವೆ ಹಾಯುವ ಒಂದೊಂದು ಉತ್ತಮವಾದ ದಾರಿಯನ್ನು ಪ್ರಯೋಗಾರ್ಥವಾಗಿ ನಿರ್ಮಿಸಿದರು. ಆ ದಾರಿಗಳಲ್ಲಿ ತುಳಿಯುವವರೇನೋ ಹೆಚ್ಚಿದರು. ಆದರೆ ಊರಿನಲ್ಲಿ ಒಟ್ಟು ಬೈಸಿಕಲ್ಲಿನ ಬಳಕೆ ಅಷ್ಟಾಗಿ ಏರಲಿಲ್ಲ. ಇದು ವಿಫಲತೆಯಂತೆ ಕಂಡರೂ ಒಳ್ಳೆಯ ಪಾಠವನ್ನೇ ಕಲಿಸಿತು. ಮನೆಯಿಂದ ಆ ದಾರಿಯವರೆಗೆ ಅಪಾಯ, ದಾರಿ ಮುಗಿದ ಮೇಲೆ ಮತ್ತೆ ಅಪಾಯ ಎಂದಾದರೆ, ನಡುವಣ ದಾರಿ ಎಷ್ಟು ಚೆನ್ನಾಗಿದ್ದರೇನು? ಮುಂದೆ ಡೆಲ್ಫ್ಟ್ ನಗರವು ಬಿಡಿ ದಾರಿಯ ಬದಲು ಊರಿಗೆಲ್ಲ ಹಬ್ಬಿದ ದಾರಿಗಳ ಬಲೆಯನ್ನೇ ಹೆಣೆಯಿತು. ತುಂಡಾಗಿದ್ದ ದಾರಿಗಳನ್ನು ಸೇತುವೆ, ಸುರಂಗಗಳಿಂದ ಜೋಡಿಸಿತು. ಅಲ್ಲಿ ಬೈಸಿಕಲ್ಲಿನ ಬಳಕೆ ಹೆಚ್ಚಿತು. ಒಂದು ಎಳೆಯಿಂದ ಬಟ್ಟೆಯಾಗದು ಎಂಬುದನ್ನು ಯೋಜಕರು ಹೀಗೆ ಅರಿತುಕೊಂಡರು.

ಹಳೆಯ ಊರುಗಳನ್ನು ತಿದ್ದುವುದು ಒಂದು ಬಗೆ. ಹೊಸ ಊರನ್ನು ಮೊದಲಿನಿಂದಲೇ ನಡೆಯುವವರಿಗಾಗಿ ಕಟ್ಟುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಉತ್ತಮ ನಿದರ್ಶನವೆಂದರೆ ಉಟ್ರೆಕ್ಟಿನ ದಕ್ಷಿಣಕ್ಕಿರುವ ಹೌಟೆನ್. 1960ರ ದಶಕದಲ್ಲಿ ಅದು ಕೆಲವು ಸಾವಿರ ಜನರಿದ್ದ ಹಳ್ಳಿ. ಅದನ್ನು ಪಟ್ಟಣವಾಗಿ ಬೆಳೆಸಲು ಸರ್ಕಾರ ನಿರ್ಧರಿಸಿದಾಗ, ರಾಬ್ ಡರ್ಕ್ಸ್ ಎಂಬ ವಾಸ್ತುಶಿಲ್ಪಿಯು ಎಲ್ಲರೂ ಕಾರಿನ ಹಿಂದೆ ಬಿದ್ದಿದ್ದ ಆ ಕಾಲದಲ್ಲಿಯೇ ಬೇರೆಯ ಬಗೆಯ ನಕ್ಷೆಯನ್ನು ಬರೆದನು. ಊರಿನ ಸುತ್ತ ಉಂಗುರದಂತೆ ಒಂದು ವರ್ತುಲ ರಸ್ತೆ. ಊರ ನಡುವೆ ರೈಲುನಿಲ್ದಾಣ, ಅಂಗಡಿಗಳು, ಕಚೇರಿಗಳು. ಊರಿನ ಬೆನ್ನೆಲುಬಿನಂತೆ ಹಸಿರಿನ ನಡುವೆ ಸಾಗುವ ಬೈಸಿಕಲ್ಲಿನ ಹಾದಿ. ಶಾಲೆಗಳು ಈ ಹಾದಿಯ ಅಂಚಿನಲ್ಲಿವೆಯೇ ಹೊರತು ದೊಡ್ಡ ರಸ್ತೆಯ ಪಕ್ಕದಲ್ಲಿಲ್ಲ. ಒಂದು ಬಡಾವಣೆಯಿಂದ ನೆರೆಯ ಬಡಾವಣೆಗೆ ಕಾರಿನಲ್ಲಿ ನೇರವಾಗಿ ಹೋಗಲು ಸಾಧ್ಯವಿಲ್ಲ. ವರ್ತುಲ ರಸ್ತೆಗೆ ಹೋಗಿ, ಸುತ್ತಿ ಬಳಸಿ ಮತ್ತೆ ಒಳಗೆ ಬರಬೇಕು. ನಡೆಯುವವನಿಗೂ ಬೈಸಿಕಲ್ಲಿನವನಿಗೂ ಮಾತ್ರ ದಾರಿ ನೇರ.

ಈ ನಕ್ಷೆಯ ಜಾಣ್ಮೆ ಇಲ್ಲಿಯೇ ಇದೆ. ಹೌಟೆನ್ನಿನಲ್ಲಿ ಕಾರಿಗೆ ನಿಷೇಧವಿಲ್ಲ. ಅಲ್ಲಿಯ ಜನರಲ್ಲಿಯೂ ಕಾರುಗಳಿವೆ. ದೂರದ ಊರುಗಳಿಗೆ ಅವರು ಕಾರಿನಲ್ಲಿಯೇ ಹೋಗುವುದುಂಟು. ಆದರೆ ಅಂಗಡಿಗೆ, ಶಾಲೆಗೆ, ಗೆಳೆಯರ ಮನೆಗೆ ಹೋಗಬೇಕಾದಾಗ ಬೈಸಿಕಲ್ಲೇ ಬೇಗ ತಲುಪಿಸುತ್ತದೆ. ಅಲ್ಲಿ ಯಾರಿಗೂ ಉಪದೇಶ ಬೇಕಾಗಿಲ್ಲ. ಬೀದಿಯೇ ಉಪದೇಶ ಮಾಡುತ್ತದೆ. ಇಂದು ಅಲ್ಲಿ ಸುಮಾರು 50,000 ಜನರು ವಾಸಿಸುತ್ತಾರೆ. ರೈಲುಹಳಿಗಳ ಕೆಳಗೆ ಸಾವಿರಾರು ಬೈಸಿಕಲ್ಲುಗಳನ್ನು ನಿಲ್ಲಿಸುವ ತಾಣವಿದೆ. ಬೈಸಿಕಲ್ಲಿನಿಂದಿಳಿದವನು ಮೆಟ್ಟಿಲೇರಿದರೆ ರೈಲು ಸಿಕ್ಕುತ್ತದೆ.

ಐವತ್ತು ವರ್ಷಗಳ ಈ ಪ್ರಯತ್ನದ ಫಲವೇನು? 1971ರಲ್ಲಿ ಸುಮಾರು 3,300 ಇದ್ದ ರಸ್ತೆಯ ಸಾವುಗಳು 2023ರಲ್ಲಿ 684ಕ್ಕೆ ಇಳಿದುವು. ಈ ನಡುವೆ ದೇಶದ ಜನಸಂಖ್ಯೆಯು ಒಂದು ಕೋಟಿ ಮೂವತ್ತು ಲಕ್ಷದಿಂದ ಒಂದು ಕೋಟಿ ಎಪ್ಪತ್ತೆಂಟು ಲಕ್ಷದ ಸುಮಾರಿಗೆ ಏರಿತ್ತು. ಇದಕ್ಕೆ ಬೀದಿಯ ರಚನೆಯೊಂದೇ ಕಾರಣವೆನ್ನಲಾಗದು. ಕಾರಿನ ಆಸನಪಟ್ಟಿ, ಕಠಿಣವಾದ ಕಾನೂನು, ಉತ್ತಮ ಚಿಕಿತ್ಸೆ ಇವೂ ನೆರವಾಗಿವೆ. ಕಷ್ಟಗಳೆಲ್ಲ ತೀರಿವೆಯೆಂದೂ ಅಲ್ಲ. ಬೈಸಿಕಲ್ಲಿನಿಂದ ಬಿದ್ದು ಗಾಯಗೊಳ್ಳುವ ವೃದ್ಧರ ಚಿಂತೆ ಆ ದೇಶಕ್ಕೆ ಈಗಲೂ ಇದೆ. ಆದರೂ ಲಾಭದ ತಟ್ಟೆಯೇ ಭಾರವಾಗಿದೆ. ಬೈಸಿಕಲ್ಲಿನ ಬಳಕೆಯು ಆ ದೇಶದಲ್ಲಿ ವರ್ಷಕ್ಕೆ ಸುಮಾರು 6,500 ಸಾವುಗಳನ್ನು ತಡೆಯುತ್ತದೆಂದೂ, ಜನರ ಸರಾಸರಿ ಆಯುಷ್ಯಕ್ಕೆ ಅರ್ಧ ವರ್ಷವನ್ನು ಕೂಡಿಸುತ್ತದೆಂದೂ 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ಲಂಡನ್ನಿನ ನಿರ್ವಾಹಕನಿಗೆ ಮೆಟ್ಟಿಲು ಕೊಟ್ಟ ವರವನ್ನು ಇಲ್ಲಿ ಬೀದಿಗಳು ಒಂದಿಡೀ ದೇಶಕ್ಕೆ ಕೊಟ್ಟುವು. ಉಟ್ರೆಕ್ಟಿನ ಜನರು 2002ರಲ್ಲಿ ಮತ ಹಾಕಿ ತಮ್ಮ ಕಂದಕವನ್ನು ಮರಳಿ ಕೇಳಿದರು. ಮೋಟಾರು ರಸ್ತೆಯನ್ನು ಅಗೆದು ತೆಗೆದರು. 2020ರಲ್ಲಿ ಆ ಜಾಗದಲ್ಲಿ ಮತ್ತೆ ನೀರು ಹರಿಯಿತು. ಹಿಂದೆ ಮಾಡಿದ ತಪ್ಪನ್ನು ತಿದ್ದಿಕೊಳ್ಳಲು ನಗರಗಳಿಗೂ ಸಾಧ್ಯವೆಂಬುದಕ್ಕೆ ಆ ನೀರೇ ಸಾಕ್ಷಿ.

ಊರಿನ ರಚನೆಗೂ ಜನರ ಆರೋಗ್ಯಕ್ಕೂ ಸಂಬಂಧವುಂಟೆಂಬ ವಿಚಾರವು ಕರ್ನಾಟಕಕ್ಕೂ ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ರೂಪುಗೊಂಡುವು. 1898ರ ಪ್ಲೇಗು ಮಾರಿಯು ಅವುಗಳ ಬೆಳವಣಿಗೆಗೆ ವೇಗ ಕೊಟ್ಟಿತು. ಇಕ್ಕಟ್ಟಾದ ಪೇಟೆಯಲ್ಲಿ ಸಿಕ್ಕಿಕೊಂಡಿದ್ದ ಜನರಿಗೆ ಗಾಳಿ ಬೆಳಕುಗಳುಳ್ಳ ನೇರವಾದ ಬೀದಿಗಳು ದೊರೆತುವು. ದೇವಾಲಯ, ಮಾರುಕಟ್ಟೆ, ಶಾಲೆ, ಉದ್ಯಾನ ಎಲ್ಲವೂ ನಡೆದು ಹೋಗುವಷ್ಟು ಹತ್ತಿರದಲ್ಲಿದ್ದುವು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1903ರಲ್ಲಿ, ನಗರ ಸುಧಾರಣೆಗೆಂದೇ ಒಂದು ಮಂಡಳಿ ಸ್ಥಾಪಿತವಾಯಿತು. ಅಂದಿನ ಯೋಜಕರು ಹೋರಾಡಿದ್ದು ಅಂಟುರೋಗಗಳೊಡನೆ. ಇಂದಿನ ಶತ್ರುಗಳು ಬೇರೆ: ಹೃದ್ರೋಗ, ಸಕ್ಕರೆ ಕಾಯಿಲೆ, ಹೊಗೆ, ಅಪಘಾತ. ಆದರೆ ಆಯುಧ ಅದೇ. ಸರಿಯಾಗಿ ರಚಿಸಿದ ಬೀದಿ.

ಆ ಆಯುಧವು ಮಸುಕಾಗಿರುವುದನ್ನು ಅಂಕಿಗಳು ಹೇಳುತ್ತವೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನರು ಪ್ರಾಣ ಕಳೆದುಕೊಂಡರು. ಅವರಲ್ಲಿ 32,825 ಜನ ಪಾದಚಾರಿಗಳು. ಅವರು ಯಾವ ವಾಹನವನ್ನೂ ನಡೆಸುತ್ತಿರಲಿಲ್ಲ, ಕೇವಲ ನಡೆಯುತ್ತಿದ್ದರು.

ಕರ್ನಾಟಕ ಸರ್ಕಾರವು 2006-07ರಲ್ಲಿ ಪ್ರೌಢಶಾಲೆಯ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಕೊಡುವ ಯೋಜನೆಯನ್ನು ಆರಂಭಿಸಿತು. ಅದು ನಡೆದಷ್ಟು ವರ್ಷಗಳೂ ಬೆಳಗಿನ ಹೊತ್ತು ಹಳ್ಳಿಯ ರಸ್ತೆಗಳಲ್ಲಿ ಸಮವಸ್ತ್ರ ತೊಟ್ಟ ಹೆಣ್ಣುಮಕ್ಕಳು ಸಾಲಾಗಿ ಬೈಸಿಕಲ್ಲು ತುಳಿದು ಹೋಗುವ ನೋಟ ಸಾಮಾನ್ಯವಾಗಿತ್ತು. ಪಕ್ಕದ ಊರಿನ ಪ್ರೌಢಶಾಲೆ ದೂರವೆಂಬ ಕಾರಣಕ್ಕೆ ಓದು ನಿಲ್ಲಿಸಬೇಕಾಗಿದ್ದ ಹುಡುಗಿಗೆ ಎರಡು ಗಾಲಿಗಳು ಎಷ್ಟು ದೊಡ್ಡ ಸ್ವಾತಂತ್ರ್ಯವೆಂಬುದನ್ನು ವಿವರಿಸಬೇಕಾಗಿಲ್ಲ. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಹೆಸರಿನ ವ್ಯವಸ್ಥೆಯೊಂದು ಪ್ರಾರಂಭವಾಯಿತು. ಊರಿನ ಹಲವು ಕಡೆ ಇರಿಸಿದ್ದ ಬೈಸಿಕಲ್ಲುಗಳಲ್ಲಿ ಒಂದನ್ನು ಬಾಡಿಗೆಗೆ ತೆಗೆದುಕೊಂಡು, ಬೇಕಾದಲ್ಲಿಗೆ ಹೋಗಿ, ಅಲ್ಲಿಯ ನಿಲ್ದಾಣದಲ್ಲಿ ಬಿಡಬಹುದಾಗಿತ್ತು. ಇಂತಹ ಪ್ರಯತ್ನಗಳು ಮೆಚ್ಚತಕ್ಕವೇ. ಆದರೆ ಬೈಸಿಕಲ್ಲು ಕೊಟ್ಟರೆ ದಾರಿ ಕೊಟ್ಟಂತಾಗುವುದಿಲ್ಲ. ಲಾರಿಯ ಗಾಲಿಯ ಪಕ್ಕದಲ್ಲಿ ಅಂಜುತ್ತ ತುಳಿಯಬೇಕಾದ ಹುಡುಗಿಗೆ ಬೈಸಿಕಲ್ಲಿನಷ್ಟೇ ದಾರಿಯೂ ಅಗತ್ಯ.

ದಾರಿಗೆ ಬೇಕಾದುದೇನೆಂಬುದು ಯಾರಿಗೂ ತಿಳಿಯದ ರಹಸ್ಯವಲ್ಲ. ಕಾಲುಹಾದಿಯಲ್ಲಿ ನಡೆಯಲು ಅಡೆತಡೆಯಿಲ್ಲದ 1.8 ಮೀಟರು ಅಗಲವಾದರೂ ಇರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸು ಗೊತ್ತುಪಡಿಸಿದೆ; ಗಾಲಿಕುರ್ಚಿಗಳೆರಡು ಎದುರುಬದುರಾಗಿ ಬಂದರೂ ಹಾಯ್ದುಹೋಗಲು ಸಾಕಾಗುವಷ್ಟು ಅಗಲವದು. ರಸ್ತೆಗಳು ಸಾಗಿಸಬೇಕಾದುದು ಜನರನ್ನೇ ಹೊರತು ವಾಹನಗಳನ್ನಲ್ಲ ಎಂಬ ತತ್ತ್ವವನ್ನು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ಒಪ್ಪಿಕೊಂಡಿತು. ಅಡೆತಡೆಯಿಲ್ಲದ ಕಾಲುಹಾದಿಯು ಸಂವಿಧಾನದ 21ನೆಯ ವಿಧಿಯು ಕೊಟ್ಟಿರುವ ಜೀವಿಸುವ ಹಕ್ಕಿನಲ್ಲಿಯೇ ಅಡಗಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಹೇಳಿತು. ನಿಯಮವಿದೆ, ನೀತಿಯಿದೆ, ನ್ಯಾಯಾಲಯದ ಮಾತಿದೆ. ಇವೆಲ್ಲ ಕಾಗದದಿಂದ ಕಲ್ಲುಚಪ್ಪಡಿಗೆ ಇಳಿದು ಬರಬೇಕಾಗಿದೆ.

ಅದಕ್ಕೆ ಬೇಕಾದ ಹಣ ದೊಡ್ಡದೆಂದು ಹೇಳುವವರುಂಟು. ನಿಜವಾಗಿ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ದೃಷ್ಟಿ. ಬೀದಿಯನ್ನು ಕಾರಿನ ಕಿಟಕಿಯಿಂದ ನೋಡಿದರೆ ಒಂದು ಬಗೆ ಕಾಣುತ್ತದೆ. ಮೂರಡಿ ಎತ್ತರದ ಮಗುವಿನ ಕಣ್ಣಿನಿಂದ ನೋಡಿದರೆ ಇನ್ನೊಂದು ಬಗೆ ಕಾಣುತ್ತದೆ. ನಗರವನ್ನು ರಚಿಸುವವರು ಎರಡನೆಯ ನೋಟವನ್ನು ಕಲಿಯಬೇಕು. ಬಡವನೂ ಬಲ್ಲಿದನೂ, ಹುಡುಗಿಯೂ ಮುದುಕಿಯೂ, ಕಣ್ಣಿಲ್ಲದವನೂ ಊರುಗೋಲಿನವನೂ ಸಮಾನವಾಗಿ ಬಳಸಬಹುದಾದ ಸಾರ್ವಜನಿಕ ಆಸ್ತಿಯೆಂದರೆ ಕಾಲುಹಾದಿಯೊಂದೇ. ಅದನ್ನು ಕಿರಿದು ಮಾಡಿದ ಊರು ತನ್ನ ಜನರಲ್ಲಿ ಹೆಚ್ಚಿನವರನ್ನು ಕಿರಿದು ಮಾಡಿದಂತೆಯೇ ಸರಿ.

ಊರು ಒಳ್ಳೆಯದೋ ಅಲ್ಲವೋ ಎಂಬುದನ್ನು ಅಳೆಯಲು ದೊಡ್ಡ ದೊಡ್ಡ ಮಾನದಂಡಗಳೇನೂ ಬೇಕಾಗಿಲ್ಲ. ಬೆಳಗ್ಗೆ ಮಗುವೊಂದು ಚೀಲವನ್ನು ಹೆಗಲಿಗೇರಿಸಿಕೊಂಡು ಮನೆಯಿಂದ ಹೊರಡುತ್ತದೆ. ತಾಯಿಯು ಬಾಗಿಲಲ್ಲಿ ನಿಂತು ಕಳುಹಿಸಿಕೊಡುತ್ತಾಳೆ. ಮಗು ತಿರುವಿನಲ್ಲಿ ಮರೆಯಾದ ಮೇಲೆ ಆಕೆ ನಿಶ್ಚಿಂತೆಯಿಂದ ಒಳಗೆ ಹೋಗಿ ತನ್ನ ಕೆಲಸದಲ್ಲಿ ತೊಡಗಬಲ್ಲಳಾದರೆ, ಆ ಊರನ್ನು ಕಟ್ಟಿದವರು ತಮ್ಮ ಕೆಲಸವನ್ನು ಸರಿಯಾಗಿ ಮಾಡಿದ್ದಾರೆಂದು ತಿಳಿಯಬಹುದು.

ಅಭ್ಯಾಸ

1. ಲಂಡನ್ನಿನ ಬಸ್ಸು ನೌಕರರಲ್ಲಿ ಜೆರಿ ಮಾರಿಸ್ ಕಂಡುಕೊಂಡ ವ್ಯತ್ಯಾಸವೇನು? ತಮ್ಮ ಉತ್ತರವನ್ನು ಅವರು ಹೇಗೆ ಪರೀಕ್ಷಿಸಿದರು?
2. ‘ಅಪಘಾತ’ ಎಂಬ ಮಾತಿನ ಬದಲು ‘ಕೊಲೆ’ ಎಂಬ ಮಾತನ್ನು ಬಳಸಿದುದರಿಂದ ಡಚ್ ಜನರ ಮನಸ್ಸಿನಲ್ಲಿ ಯಾವ ಬದಲಾವಣೆಯಾಯಿತು?
3. ಹೇಗ್ ಮತ್ತು ಟಿಲ್‌ಬರ್ಗ್ ನಗರಗಳ ಪ್ರಯೋಗದಿಂದ ದೊರೆತ ಪಾಠ ಯಾವುದು?
4. ‘ಅಲ್ಲಿ ಯಾರಿಗೂ ಉಪದೇಶ ಬೇಕಾಗಿಲ್ಲ, ಬೀದಿಯೇ ಉಪದೇಶ ಮಾಡುತ್ತದೆ.’ ಈ ಮಾತನ್ನು ಹೌಟೆನ್ ಪಟ್ಟಣದ ರಚನೆಯ ಹಿನ್ನೆಲೆಯಲ್ಲಿ ವಿವರಿಸಿ.
5. ನಿಮ್ಮ ಮನೆಯಿಂದ ಶಾಲೆಯವರೆಗಿನ ದಾರಿಯನ್ನು ನಡೆದು ನೋಡಿ. ಚಿಕ್ಕ ಮಗುವೊಂದು ಒಂಟಿಯಾಗಿ ಆ ದಾರಿಯಲ್ಲಿ ಹೋಗಬೇಕಾದರೆ ಆಗಬೇಕಾದ ಸುಧಾರಣೆಗಳನ್ನು ಕುರಿತು ನಿಮ್ಮ ಗ್ರಾಮ ಪಂಚಾಯಿತಿಗೆ ಅಥವಾ ನಗರಾಡಳಿತಕ್ಕೆ ಒಂದು ಮನವಿ ಪತ್ರ ಬರೆಯಿರಿ.